ನೆತ್ತಿಗೇರಿದ ತುತ್ತು

ಊಟದ ನಡುವೆ ಯಾರಿಗಾದರೂ ನೆತ್ತಿಗೇರಿದರೆ ಪಕ್ಕದವರು ತಲೆ ತಟ್ಟಿ, ನೀರು ಕೊಟ್ಟು, ಯಾರೋ ನೆನೆಸಿಕೊಂಡಿರಬೇಕು ಎಂದು ಸುಮ್ಮನಾಗುತ್ತಾರೆ. ಗಟ್ಟಿಮುಟ್ಟಾದವರ ಮಟ್ಟಿಗೆ ಅದು ಅಲ್ಲಿಗೇ ಮುಗಿಯಿತು. ಲಕ್ವ ಹೊಡೆದವರಿಗೆ, ಪಾರ್ಕಿನ್ಸನ್ ಕಾಯಿಲೆಯವರಿಗೆ, ಮರೆವಿನ ಕಾಯಿಲೆ ಬಲಿತ ವೃದ್ಧರಿಗೆ ಅದೇ ತುತ್ತು ಪ್ರಾಣಕ್ಕೆ ಸಂಚಕಾರ ತರಬಲ್ಲದು. ಗಂಟಲಿಗೆ ಬಂದ ಆಹಾರ ಅನ್ನನಾಳ ಸೇರಲು ಒಂದು ಸೆಕೆಂಡು ಹಿಡಿದರೆ ಹೆಚ್ಚು. ಅಷ್ಟರೊಳಗೆ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿನ ದಾರಿ ಮುಚ್ಚಬೇಕು, ಧ್ವನಿಪೆಟ್ಟಿಗೆ ಮೇಲಕ್ಕೂ ಮುಂದಕ್ಕೂ ಸರಿದು ಶ್ವಾಸನಾಳಕ್ಕೆ ಕದ ಹಾಕಬೇಕು, ಉಸಿರು ನಿಲ್ಲಬೇಕು, ಅನ್ನನಾಳದ ಬಾಯಿ ಸಡಿಲವಾಗಬೇಕು. ಮಿದುಳಿನಿಂದ ನೇರವಾಗಿ ಹೊರಡುವ ಐದು ಜೋಡಿ ನರಗಳು ಇದರಲ್ಲಿ ದುಡಿಯುತ್ತವೆ. ಇವೆಲ್ಲಕ್ಕೂ ಲಯ ಕೂಡಿಸುವುದು ಮಿದುಳಿನ ಬುಡದಲ್ಲಿರುವ ಮೆಡುಲ್ಲಾ. ಈ ಲಯ ಕೆಟ್ಟಾಗ ವೈದ್ಯರು ಏನು ಮಾಡುತ್ತ ಬಂದರು ಎಂಬ ಚರಿತ್ರೆಯನ್ನು ಸಾಮಾನ್ಯವಾಗಿ ಉಪಕರಣಗಳ ಸಾಲಾಗಿ ಹೇಳುತ್ತಾರೆ: ಮೊದಲು ನಳಿಕೆ, ಆಮೇಲೆ ಎಕ್ಸ್‌ರೇ, ಆಮೇಲೆ ಮೂಗಿನಿಂದ ಇಳಿಸುವ ಕ್ಯಾಮೆರಾ. ಹಾಗೆ ಹೇಳಿದರೆ ಮುಖ್ಯವಾದದ್ದೊಂದು ಬಿಟ್ಟುಹೋಗುತ್ತದೆ. ಗಂಟಲೊಳಗಿನದು ಕಾಣತೊಡಗಿದ ಮೇಲೆ ಎಷ್ಟೋ ಜೀವಗಳು ಉಳಿದವು, ನಿಜ. ಪರದೆಯ ಮೇಲೆ ಕಂಡದ್ದೇ ಕಾಯಿಲೆ ಎಂಬ ಎಣಿಕೆಯೂ ಅದರ ಬೆನ್ನಿಗೇ ಬಂತು. ರೋಗಿಗೆ ಉಣಿಸುವ, ಅವನ ಬಾಯಿ ತೊಳೆಯುವ ಕೈಗೆ ಸಲ್ಲಬೇಕಾದ ಗಮನ ಇದರಿಂದಾಗಿ ಬಹುಕಾಲ ಸಲ್ಲಲಿಲ್ಲ ಎಂಬುದು ನನ್ನ ವಾದ.

ಉಣಿಸುವ ನಳಿಕೆ ನಾವು ಎಣಿಸುವುದಕ್ಕಿಂತ ಹಳೆಯದು. ಲಂಡನ್ನಿನ ಶಸ್ತ್ರವೈದ್ಯ ಜಾನ್ ಹಂಟರ್ ನುಂಗುವ ಸ್ನಾಯುಗಳು ಸೋತುಹೋಗಿದ್ದ ಒಬ್ಬ ರೋಗಿಯ ವೃತ್ತಾಂತ ಬರೆದಿದ್ದಾನೆ; ಅದು 1793ರಲ್ಲಿ ಅಚ್ಚಾಯಿತು. ತಿಮಿಂಗಿಲದ ಬಾಯಿಂದ ತೆಗೆದ ಬಳುಕುವ ಕಡ್ಡಿಯೊಂದಕ್ಕೆ ಹಾವುಮೀನಿನ ಚರ್ಮ ಹೊದಿಸಿ, ಅದನ್ನು ಗಂಟಲಿನ ಮೂಲಕ ಜಠರಕ್ಕೆ ಇಳಿಸಿ, ಹೊರತುದಿಗೆ ಪ್ರಾಣಿಯ ಮೂತ್ರಕೋಶದ ಚೀಲ ಕಟ್ಟಿದ. ಕದಡಿದ ಮೊಟ್ಟೆ, ಸಕ್ಕರೆ, ಹಾಲು, ವೈನು, ಔಷಧ ಎಲ್ಲ ಆ ಚೀಲವನ್ನು ಹಿಂಡಿದಾಗ ಒಳಗಿಳಿಯುತ್ತಿದ್ದವು. ಆ ರೋಗಿಗೆ ಮುಂದೆ ನುಂಗುವ ಶಕ್ತಿ ಮರಳಿತು. ಹಂಟರ್ ನಳಿಕೆಯನ್ನು ಬಳಸಿದ್ದು ಗಂಟಲು ಚೇತರಿಸಿಕೊಳ್ಳುವವರೆಗಿನ ಊರುಗೋಲಾಗಿ ಎಂಬುದನ್ನು ಇಲ್ಲಿ ಗಮನಿಸಬೇಕು. ಇಂದು ಕರ್ನಾಟಕದ ಯಾವ ಆಸ್ಪತ್ರೆಯ ವಾರ್ಡಿಗೆ ಹೋದರೂ ಕೇಳಿಬರುವ ‘ರೈಲ್ಸ್ ಟ್ಯೂಬ್’ ಹುಟ್ಟಿದ ಕಥೆ ಬೇರೆಯೇ. ಬ್ರಿಟಿಷ್ ವೈದ್ಯ ಜಾನ್ ರೈಲ್ ಅದನ್ನು 1921ರಲ್ಲಿ ವಿವರಿಸಿದ್ದು ಜಠರದ ರಸವನ್ನು ಸ್ವಲ್ಪಸ್ವಲ್ಪವಾಗಿ ಹೊರತೆಗೆದು ಪರೀಕ್ಷಿಸುವುದಕ್ಕೆ. ಒಳಗಿನದನ್ನು ಹೊರಗೆ ತರಲೆಂದು ಹುಟ್ಟಿದ ನಳಿಕೆ ಹೊರಗಿನದನ್ನು ಒಳಗೆ ಕಳಿಸುವ ಕೆಲಸಕ್ಕೆ ನೆಲೆನಿಂತಿತು.

ನರರೋಗ ತಜ್ಞರು ಈ ಹೊತ್ತಿಗೆ ಬೇರೊಂದು ದಾರಿಯಲ್ಲಿ ಬಹುದೂರ ಸಾಗಿದ್ದರು. ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ತನ್ನ ಹೆಸರಿನಿಂದಲೇ ಈಗ ಕರೆಯಲಾಗುವ ಕಾಯಿಲೆಯನ್ನು ಬಣ್ಣಿಸುವಾಗ ಕೈನಡುಕದ ಜೊತೆಗೆ ಬಾಯಲ್ಲಿ ಆಹಾರ ನಿಲ್ಲದಿರುವುದನ್ನೂ, ನುಂಗಲು ಪಡುವ ಪಾಡನ್ನೂ, ತುಟಿಯಂಚಿನಿಂದ ಸುರಿಯುವ ಜೊಲ್ಲನ್ನೂ ಬಿಡದೆ ದಾಖಲಿಸಿದ. ಪ್ಯಾರಿಸ್ಸಿನ ದುಶೆನ್ 1860ರಲ್ಲಿ ನಾಲಿಗೆ, ಅಂಗುಳು, ತುಟಿಗಳು ಒಂದೊಂದಾಗಿ ಸೋಲುತ್ತ ಹೋಗುವ ಕಾಯಿಲೆಯನ್ನು ಬೇರೆಯಾಗಿ ಗುರುತಿಸಿದ. ಡಾನ್ಜಿಗ್ ನಗರದ ವಾಲೆನ್‌ಬರ್ಗ್ 1895ರಲ್ಲಿ ಒಬ್ಬ ರೋಗಿಯ ನುಂಗುವ ತೊಂದರೆ, ಮುಖದ ಒಂದು ಬದಿಯ ಜೋಮು, ಮೈಯ ಇನ್ನೊಂದು ಬದಿಯ ಸ್ಪರ್ಶದೋಷ ಇವನ್ನೆಲ್ಲ ಕೂಡಿಸಿ, ಮೆಡುಲ್ಲಾದ ಪಕ್ಕದ ಭಾಗಕ್ಕೆ ರಕ್ತ ನಿಂತಿದೆ ಎಂದು ಲೆಕ್ಕಹಾಕಿದ; ಆ ರೋಗಿ ಸತ್ತ ಮೇಲೆ ನಡೆದ ಶವಪರೀಕ್ಷೆ 1901ರ ಹೊತ್ತಿಗೆ ಲೆಕ್ಕ ಸರಿ ಎಂದು ತೋರಿಸಿತು. ನಮ್ಮ ದಕ್ಷಿಣ ಭಾರತಕ್ಕೂ ಇದರಲ್ಲಿ ಪಾಲಿದೆ. ಎಳೆಯ ವಯಸ್ಸಿನಲ್ಲೇ ಶುರುವಾಗಿ ಕೈಕಾಲು ಸೊರಗಿಸುವ, ಕಿವಿ ಮಂದವಾಗಿಸುವ, ಮುಖ ಮತ್ತು ಗಂಟಲಿನ ಸ್ನಾಯುಗಳನ್ನು ಕುಂದಿಸುವ ಕಾಯಿಲೆಯೊಂದನ್ನು 1970ರ ಸುಮಾರಿಗೆ ಮದ್ರಾಸಿನ ತಜ್ಞರು ಗುರುತಿಸಿದರು. ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಎಂದೇ ಹೆಸರಾದ ಅದರ ರೋಗಿಗಳನ್ನು ಬೆಂಗಳೂರಿನ ನಿಮ್ಹಾನ್ಸ್ ದೀರ್ಘಕಾಲ ಅಧ್ಯಯನ ಮಾಡಿದೆ. ಇದೆಲ್ಲ ಬೆರಗು ಹುಟ್ಟಿಸುವ ವಿದ್ವತ್ತು. ಆದರೂ ವಾಲೆನ್‌ಬರ್ಗನ ರೋಗಿ ಸಂಜೆ ಏನು ಉಣ್ಣಬೇಕು, ಹೇಗೆ ಉಣ್ಣಬೇಕು ಎಂಬ ಪ್ರಶ್ನೆಗೆ ಆ ಕರಾರುವಾಕ್ಕಾದ ರೋಗನಿರ್ಣಯದಲ್ಲಿ ಉತ್ತರವಿರಲಿಲ್ಲ.

ಕಾರಣ ಕಂಡುಹಿಡಿದರೆ ತಾನೇ ಮದ್ದು ಸಿಗುವುದು ಎಂದು ಇದಕ್ಕೆ ಆಕ್ಷೇಪ ಬರಬಹುದು. ಅದಕ್ಕೆ ಬಲವಾದ ಸಾಕ್ಷಿಯೂ ಉಂಟು. 1934ರಲ್ಲಿ ಗ್ರೀನಿಚ್‌ನ ಸೇಂಟ್ ಆಲ್ಫೆಜ್ ಆಸ್ಪತ್ರೆಯಲ್ಲಿ ಮೇರಿ ವಾಕರ್ ಎಂಬ ವೈದ್ಯೆ ಮಯಸ್ತೇನಿಯಾ ಗ್ರೇವಿಸ್ ಕಾಯಿಲೆಯ ಲಕ್ಷಣಗಳು ಕುರಾರಿ ವಿಷದ ಲಕ್ಷಣಗಳನ್ನು ಹೋಲುವುದನ್ನು ಗಮನಿಸಿ, ಆ ವಿಷಕ್ಕೆ ಪ್ರತಿಮದ್ದಾಗಿದ್ದ ಫೈಸೋಸ್ಟಿಗ್ಮಿನ್ ಚುಚ್ಚಿದರು. ಜೋತುಬಿದ್ದ ರೆಪ್ಪೆ ಮೇಲೆದ್ದಿತು, ತೋಳಿಗೆ ಬಲ ಬಂತು, ನುಂಗುವುದು ಸಲೀಸಾಯಿತು. ನರ ಮತ್ತು ಸ್ನಾಯು ಕೂಡುವಲ್ಲಿ ಆಗಿರುವ ಕೆಡುಕು ಅದು ಎಂದು ಊಹಿಸಿದ್ದರಿಂದಲೇ ಸಿಕ್ಕ ಫಲ ಇದು. ಹಾಗಾಗಿ ನುಂಗಲು ಕಷ್ಟ ಎಂದು ಬಂದವರಲ್ಲಿ ಕಾರಣ ಹುಡುಕದೆ ಗಂಟಲಿನ ವ್ಯಾಯಾಮ ಹೇಳಿಕೊಡುವುದು ಇಂದಿಗೂ ತಪ್ಪೇ. ಆದರೆ ಮಯಸ್ತೇನಿಯಾದಷ್ಟು ಅದೃಷ್ಟದ ಕಾಯಿಲೆಗಳು ಕಡಿಮೆ. ಸ್ಟ್ರೋಕ್‌ನಲ್ಲಿ ಸತ್ತ ಮಿದುಳಿನ ಭಾಗವನ್ನು ಬದುಕಿಸುವ ಮದ್ದಿಲ್ಲ. ಮೋಟಾರ್ ನ್ಯೂರಾನ್ ಕಾಯಿಲೆಯಲ್ಲಿ ನಶಿಸುವ ನರಕೋಶಗಳನ್ನು ಮರಳಿ ತರುವ ಮದ್ದಿಲ್ಲ. ಅವರಿಗೂ ಮಧ್ಯಾಹ್ನದ ಹಸಿವು ಇದ್ದೇ ಇದೆ.

ಇನ್ನು ಕಾಣುವ ವಿದ್ಯೆ. ರಾಂಟ್‌ಜನ್ ಎಕ್ಸ್‌ಕಿರಣ ಕಂಡುಹಿಡಿದು ಇನ್ನೂ ಒಂದು ವರ್ಷ ಆಗಿತ್ತಷ್ಟೆ. 1896ರ ಡಿಸೆಂಬರಿನಲ್ಲಿ ಹಾರ್ವರ್ಡ್‌ನ ವೈದ್ಯ ವಿದ್ಯಾರ್ಥಿ ವಾಲ್ಟರ್ ಕ್ಯಾನನ್ ನಾಯಿಯೊಂದಕ್ಕೆ ಗುಂಡಿ ನುಂಗಿಸಿ, ಅದು ಅನ್ನನಾಳದಲ್ಲಿ ಇಳಿಯುವುದನ್ನು ಹೊಳೆಯುವ ಪರದೆಯ ಮೇಲೆ ನೋಡಿದ. ಆಮೇಲೆ ಹೆಬ್ಬಾತಿನ ಸರದಿ: ಅದರ ಉದ್ದ ಕತ್ತಿನಲ್ಲಿ ಬಿಸ್ಮತ್ ಬೆರೆಸಿದ ಆಹಾರ ಕಪ್ಪು ನೆರಳಾಗಿ ಜಾರುವುದು ಎಲ್ಲರಿಗೂ ಕಾಣುತ್ತಿತ್ತು. ಮೋಸರ್ ಎಂಬ ಸಹಪಾಠಿಯ ಜೊತೆ ಅವನು 1898ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಬೆಕ್ಕು, ನಾಯಿ, ಕುದುರೆ, ಮನುಷ್ಯ ಎಲ್ಲರ ನುಂಗುವಿಕೆಯೂ ಇದೆ. ಅದಕ್ಕೂ ಮೊದಲು ಫ್ರಾನ್ಸಿನ ಮಜಾಂಡಿ ನುಂಗುವುದನ್ನು ಬಾಯಿ, ಗಂಟಲು, ಅನ್ನನಾಳ ಎಂದು ಮೂರು ಹಂತವಾಗಿ ವಿಂಗಡಿಸಿದ್ದ. ಮೂರು ಹಂತಗಳೂ ಈಗ ಕಣ್ಣೆದುರು ಬಂದವು. ಹೀಗಿದ್ದೂ ಈ ಬೆಳಕು ನರರೋಗಿಯ ಗಂಟಲಿನ ಕಡೆಗೆ ತಿರುಗಲು ಅರ್ಧ ಶತಮಾನ ಹಿಡಿಯಿತು. ಬೇರಿಯಂ ಕುಡಿಸಿ ತೆಗೆಯುವ ಚಿತ್ರಗಳಲ್ಲಿ ರೇಡಿಯಾಲಜಿಸ್ಟರು ಹುಡುಕುತ್ತಿದ್ದುದು ಅನ್ನನಾಳದ ಗಡ್ಡೆ ಮತ್ತು ಜಠರದ ಹುಣ್ಣು. ಒಂದು ಸೆಕೆಂಡಿನಲ್ಲಿ ಮುಗಿಯುವ ಗಂಟಲಿನ ಹಂತ ಅವರ ಪಾಲಿಗೆ ಬೇರಿಯಂ ಹಾದುಹೋಗುವ ದಾರಿಯಾಗಿತ್ತು, ಅಷ್ಟೆ.

ಕಣ್ಣು ತಿರುಗಿಸಿದ್ದು ಪೋಲಿಯೊ. ಮೆಡುಲ್ಲಾಕ್ಕೆ ತಗಲುವ ಪೋಲಿಯೊದಲ್ಲಿ ಗಂಟಲು ಸೋತು, ರೋಗಿಯ ಜೊಲ್ಲೇ ಶ್ವಾಸಕೋಶಕ್ಕೆ ಇಳಿಯುತ್ತದೆ. 1952ರ ಬೇಸಿಗೆಯ ಕೊನೆಗೆ ಕೋಪನ್‌ಹೇಗನ್ನಿನ ಬ್ಲೆಗ್ದಾಮ್ ಆಸ್ಪತ್ರೆಗೆ ಇಂಥ ರೋಗಿಗಳು ದಂಡುದಂಡಾಗಿ ಬಂದರು. ಯಂತ್ರದ ಉಸಿರಾಟಕ್ಕೆ ಹಾಕಿದ ಮೊದಲ 31 ಮಂದಿಯಲ್ಲಿ 27 ಮಂದಿ ಸತ್ತರು. ಎದೆಯನ್ನು ಹೊರಗಿನಿಂದ ಹಿಗ್ಗಿಸುವ ಆ ಯಂತ್ರಗಳು ಗಾಳಿಯ ಜೊತೆ ಜೊಲ್ಲನ್ನೂ ಒಳಗೆ ಎಳೆಯುತ್ತಿದ್ದವು. ಅರಿವಳಿಕೆ ತಜ್ಞ ಬ್ಯೋರ್ನ್ ಇಬ್ಸೆನ್ ಕತ್ತಿನಲ್ಲಿ ರಂಧ್ರ ಮಾಡಿ, ಅಂಚಿಗೆ ಗಾಳಿಬುಗ್ಗೆ ಇರುವ ಕೊಳವೆ ತೂರಿಸಿ, ಗಂಟಲಿಗೂ ಶ್ವಾಸಕೋಶಕ್ಕೂ ನಡುವಿನ ದಾರಿಯನ್ನೇ ಬೇರ್ಪಡಿಸಿದ. ರಬ್ಬರಿನ ಚೀಲ ಹಿಂಡುತ್ತ ಉಸಿರು ಕೊಡುವ ಕೆಲಸಕ್ಕೆ ಸುಮಾರು 1,500 ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ ಕೂತರು. ಸಾವಿನ ಪ್ರಮಾಣ ತಟ್ಟನೆ ಇಳಿಯಿತು. ತೀವ್ರ ನಿಗಾ ಘಟಕ ಎಂಬ ಕಲ್ಪನೆ ಹುಟ್ಟಿದ್ದು ಇಲ್ಲಿ ಎಂದು ವೈದ್ಯಕೀಯ ಚರಿತ್ರೆಗಳು ಹೇಳುತ್ತವೆ, ಸರಿಯಾಗಿಯೇ ಹೇಳುತ್ತವೆ. ನುಂಗುವ ತೊಂದರೆಯ ಚರಿತ್ರೆಯಲ್ಲೂ ಇದಕ್ಕೆ ಅಷ್ಟೇ ದೊಡ್ಡ ಜಾಗ ಸಿಗಬೇಕು. ಅಲ್ಲಿ ಜೀವ ಉಳಿಸಿದ ಉಪಾಯ ಇಬ್ಸೆನ್ನನದು, ವಾರಗಟ್ಟಲೆ ಉಸಿರು ಕೊಟ್ಟದ್ದು ಕೈಗಳು. ಪೋಲಿಯೊದಿಂದ ಬದುಕಿ ಉಳಿದು ಗಂಟಲು ಪೂರ್ತಿ ಸರಿಹೋಗದವರನ್ನು ಅಮೆರಿಕದ ಮಕ್ಕಳ ವೈದ್ಯ ಜೇಮ್ಸ್ ಬೋಸ್ಮಾ 1950ರ ದಶಕದಲ್ಲಿ ಎಕ್ಸ್‌ರೇ ಚಿತ್ರಗಳ ಮೂಲಕ ಕೂಲಂಕಷವಾಗಿ ಅಭ್ಯಾಸ ಮಾಡಿದರು.

ಮುಂದಿನ ಹೆಜ್ಜೆ ಇಟ್ಟವರು ವೈದ್ಯರಲ್ಲದ ಒಬ್ಬ ಮಹಿಳೆ. ಷಿಕಾಗೋ ಬಳಿಯ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಾಕ್ ತಜ್ಞೆ ಜೆರಿ ಲೋಗ್‌ಮನ್ ಬಾಯಿ, ಗಂಟಲಿನ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯಾದವರ ಮಾತನ್ನು ತಿದ್ದುತ್ತಿದ್ದವರು. ಅವರ ರೋಗಿಗಳಿಗೆ ಮಾತಿಗಿಂತ ದೊಡ್ಡ ಕಷ್ಟ ಊಟದ್ದಾಗಿತ್ತು. ದೊಡ್ಡ ಲೋಟ ಬೇರಿಯಂ ಕುಡಿಸುವ ಹಳೆಯ ಪರೀಕ್ಷೆಯನ್ನು ಅವರು ಬದಲಿಸಿದರು. ಮೊದಲು ಅಳತೆಯ ಒಂದು ಮಿಲಿಲೀಟರ್ ದ್ರವ, ಆಮೇಲೆ ಬೇರಿಯಂ ಪೇಸ್ಟು, ಕೊನೆಗೆ ಪೇಸ್ಟು ಸವರಿದ ಬಿಸ್ಕತ್ತಿನ ಚೂರು. ರೋಗಿ ನೆಟ್ಟಗೆ ಕೂತು ನುಂಗುವುದನ್ನು ಪಕ್ಕದಿಂದ ವಿಡಿಯೊದಲ್ಲಿ ಹಿಡಿದು, ನಿಧಾನಕ್ಕೆ ಓಡಿಸಿ ನೋಡುವುದು. ತಪ್ಪು ಕಂಡುಹಿಡಿಯುವಲ್ಲಿಗೇ ಪರೀಕ್ಷೆ ನಿಲ್ಲುತ್ತಿರಲಿಲ್ಲ. ಗಲ್ಲವನ್ನು ಎದೆಗೆ ತಾಗಿಸಿ ನುಂಗಿದರೆ ಏನಾಗುತ್ತದೆ, ಸೋತ ಬದಿಗೆ ಮುಖ ತಿರುಗಿಸಿದರೆ ಏನಾಗುತ್ತದೆ ಎಂದು ಅಲ್ಲೇ, ಆ ಪರದೆಯ ಮುಂದೆಯೇ ಪ್ರಯತ್ನಿಸಿ ನೋಡುತ್ತಿದ್ದರು. 1983ರಲ್ಲಿ ಬಂದ ಅವರ ಪುಸ್ತಕದೊಂದಿಗೆ ಹೊಸದೊಂದು ವೃತ್ತಿ ನೆಲೆಯೂರಿತು. ವಾಕ್ ತಜ್ಞರು ನುಂಗುವುದಕ್ಕೆ ಕೈಹಾಕಬಾರದು, ಅದು ವೈದ್ಯರ ಹೊಲ ಎಂಬ ವಿರೋಧಕ್ಕೆ ಸರಳ ಉತ್ತರವಿತ್ತು: ಮಾತಿಗೆ ಬೇಕಾದ ತುಟಿ, ನಾಲಿಗೆ, ಅಂಗುಳು, ಧ್ವನಿಪೆಟ್ಟಿಗೆಗಳೇ ನುಂಗುವುದಕ್ಕೂ ಬೇಕು, ಅವುಗಳ ಚಲನೆಯನ್ನು ತಿದ್ದುವ ತರಬೇತಿ ಪಡೆದವರು ಬೇರೆ ಯಾರೂ ಇರಲಿಲ್ಲ. 1965ರಲ್ಲಿ ಮೈಸೂರಿನಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಹುಟ್ಟಿದಾಗ ಅದರ ಗುರಿ ಮಾತು ಮತ್ತು ಕಿವಿ. ಇಂದು ಅಲ್ಲಿ ಕಲಿಯುವವರಿಗೆ ನುಂಗುವ ತೊಂದರೆಯ ಪಾಠವೂ ಇದೆ, ಆ ತೊಂದರೆಯವರಿಗೆ ಚಿಕಿತ್ಸೆಯೂ ಇದೆ.

ಎಕ್ಸ್‌ರೇ ಕೋಣೆಗೆ ಒಯ್ಯಲಾಗದವರ ಹಾಸಿಗೆಯ ಪಕ್ಕದಲ್ಲೇ, ಮೂಗಿನ ಮೂಲಕ ತೆಳ್ಳಗಿನ ಕ್ಯಾಮೆರಾ ಇಳಿಸಿ ನುಂಗುವುದನ್ನು ನೋಡುವ ವಿಧಾನವನ್ನು ಸುಸಾನ್ ಲ್ಯಾಂಗ್‌ಮೋರ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದರು. ಇವೆರಡೂ ಬಂದ ಮೇಲೆ ತಿಳಿದ ಅತಿ ಮುಖ್ಯ ಸಂಗತಿಯೆಂದರೆ ಸದ್ದಿಲ್ಲದ ಸೋರಿಕೆ. ಗಂಟಲಿನ ಸಂವೇದನೆ ಮಂಕಾದ ರೋಗಿ ಕೆಮ್ಮುವುದೇ ಇಲ್ಲ. ನೀರು ಶ್ವಾಸನಾಳಕ್ಕೆ ಇಳಿದಿರುತ್ತದೆ, ಪಕ್ಕದಲ್ಲಿ ಕೂತವರಿಗೆ ಸುಳಿವೇ ಇರುವುದಿಲ್ಲ. 2005ರಲ್ಲಿ ರೋಸ್‌ಮರಿ ಮಾರ್ಟಿನೊ ತಂಡ ಆವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ಸ್ಟ್ರೋಕ್ ಆದವರಲ್ಲಿ ನುಂಗುವ ತೊಂದರೆ ಮೇಲ್ನೋಟದ ಪರೀಕ್ಷೆಯಲ್ಲಿ ಶೇ 37ರಿಂದ 45, ಹಾಸಿಗೆಯ ಪಕ್ಕದ ವಿವರವಾದ ಪರೀಕ್ಷೆಯಲ್ಲಿ ಶೇ 51ರಿಂದ 55, ಉಪಕರಣ ಬಳಸಿದಾಗ ಶೇ 64ರಿಂದ 78 ಎಂದು ಬಂತು. ಹೆಚ್ಚು ಸೂಕ್ಷ್ಮವಾಗಿ ನೋಡಿದಷ್ಟೂ ಹೆಚ್ಚು ರೋಗಿಗಳು. ಇದನ್ನು ಓದಿದವರು ಯಾರೂ ಉಪಕರಣ ಬೇಡ ಎನ್ನಲಾರರು. ಆದರೆ ಸೋರಿಕೆ ಕಾಣತೊಡಗಿದಾಗಲೇ ಇನ್ನೊಂದು ಪ್ರಶ್ನೆಯೂ ಏಳಬೇಕಿತ್ತು: ಪರದೆಯ ಮೇಲೆ ಸೋರಿಕೆ ಕಂಡವರೆಲ್ಲರಿಗೂ ನ್ಯುಮೋನಿಯಾ ಬರುತ್ತದೆಯೇ? ಆ ಪ್ರಶ್ನೆ ಕೇಳುವ ಮೊದಲೇ ಆಸ್ಪತ್ರೆಗಳಲ್ಲಿ ರೂಢಿ ಬೇರುಬಿಟ್ಟಿತ್ತು. ಸೋರಿಕೆ ಕಂಡರೆ ಬಾಯಿಗೆ ಏನೂ ಇಲ್ಲ, ಇಲ್ಲವೇ ನೀರಿಗೂ ಚಹಾಕ್ಕೂ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡುವುದು.

ಪ್ರಶ್ನೆ ಕೇಳಿದವರಲ್ಲಿ ಮೊದಲಿಗರು ಆ ಕ್ಯಾಮೆರಾ ವಿಧಾನ ತಂದ ಲ್ಯಾಂಗ್‌ಮೋರ್ ಅವರೇ. 189 ವೃದ್ಧರನ್ನು ವರ್ಷಗಟ್ಟಲೆ ಗಮನಿಸಿ 1998ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದಲ್ಲಿ, ನ್ಯುಮೋನಿಯಾ ಬರುವುದನ್ನು ಮುಂಚಿತವಾಗಿ ಸೂಚಿಸಿದವುಗಳ ಮುಂಚೂಣಿಯಲ್ಲಿ ಇದ್ದವು ಇವು: ತುತ್ತಿಗಾಗಿ ಇನ್ನೊಬ್ಬರನ್ನು ಅವಲಂಬಿಸಿರುವುದು, ಬಾಯಿ ಶುಚಿಗೂ ಇನ್ನೊಬ್ಬರನ್ನೇ ಅವಲಂಬಿಸಿರುವುದು, ಹುಳುಕು ಹಲ್ಲುಗಳು, ನಳಿಕೆಯ ಊಟ. ನುಂಗುವ ತೊಂದರೆಯೂ ಅಪಾಯವೇ, ಆದರೆ ಅದೊಂದೇ ನ್ಯುಮೋನಿಯಾ ತರಲು ಸಾಲದು. ಜಪಾನಿನ 11 ವೃದ್ಧಾಶ್ರಮಗಳಲ್ಲಿ ಯೊನೆಯಾಮ ತಂಡ ಎರಡು ವರ್ಷ ನಡೆಸಿದ ಪ್ರಯೋಗ ಇದಕ್ಕೆ ಪೂರಕ. ಪ್ರತಿ ಊಟವಾದ ಮೇಲೆ ದಾದಿಯರು ಹಲ್ಲುಜ್ಜಿಸಿ ಬಾಯಿ ಶುಚಿ ಮಾಡಿದವರಲ್ಲಿ ಶೇ 11 ಮಂದಿಗೆ ನ್ಯುಮೋನಿಯಾ ಬಂದರೆ, ಉಳಿದವರಲ್ಲಿ ಶೇ 19 ಮಂದಿಗೆ ಬಂತು. ಶ್ವಾಸಕೋಶಕ್ಕೆ ಇಳಿಯುವ ಜೊಲ್ಲಿನಲ್ಲಿ ಎಷ್ಟು ರೋಗಾಣು ಇದೆ ಎಂಬುದರ ಮೇಲೆ ಅಪಾಯ ನಿಂತಿದೆ. ಅದನ್ನು ಯಾವ ಎಕ್ಸ್‌ರೇಯೂ ತೋರಿಸುವುದಿಲ್ಲ. ಗಟ್ಟಿ ದ್ರವದ ಕಥೆಯೂ ಇಷ್ಟೇ ಸ್ವಾರಸ್ಯದ್ದು. ಲೋಗ್‌ಮನ್ ಮುಂದಾಳತ್ವದಲ್ಲಿ ಪಾರ್ಕಿನ್ಸನ್ ಮತ್ತು ಮರೆವಿನ ಕಾಯಿಲೆಯ 711 ಮಂದಿಯನ್ನು ಪರದೆಯ ಮುಂದೆ ಕೂರಿಸಿ ಪರೀಕ್ಷಿಸಿದಾಗ ಜೇನುತುಪ್ಪದಷ್ಟು ಗಟ್ಟಿ ದ್ರವದಲ್ಲಿ ಸೋರಿಕೆ ಅತಿ ಕಡಿಮೆ. ಅವರಲ್ಲಿ 515 ಮಂದಿಯನ್ನು ಮೂರು ತಿಂಗಳು ಹಿಂಬಾಲಿಸಿದಾಗ, ಗಲ್ಲ ತಗ್ಗಿಸಿ ತೆಳು ದ್ರವ ಕುಡಿದವರಿಗೂ ಗಟ್ಟಿ ದ್ರವ ಕುಡಿದವರಿಗೂ ನ್ಯುಮೋನಿಯಾದಲ್ಲಿ ಗಣನೀಯ ವ್ಯತ್ಯಾಸವಿಲ್ಲ. ಮೈಯಲ್ಲಿ ನೀರು ಬತ್ತಿದವರು ತೆಳು ದ್ರವದವರಲ್ಲಿ ಶೇ 2, ಗಟ್ಟಿ ದ್ರವದವರಲ್ಲಿ ಶೇ 6. 2008ರಲ್ಲಿ ಇದು ಪ್ರಕಟವಾಯಿತು. ತಾವೇ ಕಟ್ಟಿದ ವಿದ್ಯೆಯ ರೂಢಿಯನ್ನು ತಾವೇ ಒರೆಗೆ ಹಚ್ಚಿದ ಈ ಇಬ್ಬರು ಮಹಿಳೆಯರ ಪ್ರಾಮಾಣಿಕತೆ ನನಗೆ ಅವರ ಉಪಕರಣಗಳಿಗಿಂತ ದೊಡ್ಡದಾಗಿ ಕಾಣುತ್ತದೆ.

ಹಾಗಾದರೆ ನಳಿಕೆಯೇ ಬೇಡವೇ ಎಂದು ಯಾರಾದರೂ ಕೇಳಬಹುದು. ಬೇಕು. ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಎಚ್ಚರವೇ ಸರಿಯಾಗಿಲ್ಲದವರ ಬಾಯಿಗೆ ಅಕ್ಕರೆಯಿಂದ ಸುರಿದ ಎಳನೀರು ಪ್ರಾಣ ತೆಗೆಯಬಲ್ಲದು; ನೀರು ನುಂಗಿಸಿ ಪರೀಕ್ಷಿಸುವವರೆಗೆ ಬಾಯಿಗೆ ಏನೂ ಹಾಕಬೇಡಿ ಎಂಬ ದಾದಿಯ ಕಟ್ಟಪ್ಪಣೆ ನೂರಕ್ಕೆ ನೂರು ಸರಿ. ಪ್ರಶ್ನೆ ಇರುವುದು ಯಾವ ನಳಿಕೆ, ಯಾರಿಗೆ, ಎಲ್ಲಿಯವರೆಗೆ ಎಂಬುದರಲ್ಲಿ. 1979ರಲ್ಲಿ ಕ್ಲೀವ್‌ಲ್ಯಾಂಡಿನ ಗಾಡರರ್ ಮತ್ತು ಪೊನ್ಸ್ಕಿ ಹೊಟ್ಟೆ ಕೊಯ್ಯದೆ, ಎಂಡೋಸ್ಕೋಪಿನ ನೆರವಿನಿಂದ ಜಠರಕ್ಕೆ ನೇರ ಕೊಳವೆ ಕೂರಿಸಿದರು. ಅವರ ಮನಸ್ಸಿನಲ್ಲಿದ್ದವರು ನುಂಗಲಾಗದ ಮಕ್ಕಳು. ಕೂರಿಸುವುದು ಸುಲಭವಾದ್ದರಿಂದ ಅದು ಅಮೆರಿಕದ ವೃದ್ಧಾಶ್ರಮಗಳನ್ನು ತುಂಬಿತು. 1999ರಲ್ಲಿ ಫಿನುಕೇನ್ ಮತ್ತಿತರರು ಲಭ್ಯ ಸಾಕ್ಷ್ಯವನ್ನೆಲ್ಲ ಜಾಲಾಡಿ, ಮರೆವಿನ ಕಾಯಿಲೆ ಬಲಿತವರಲ್ಲಿ ನಳಿಕೆ ನ್ಯುಮೋನಿಯಾ ತಡೆಯುತ್ತದೆ ಎಂಬುದಕ್ಕಾಗಲಿ, ಆಯಸ್ಸು ಹೆಚ್ಚಿಸುತ್ತದೆ ಎಂಬುದಕ್ಕಾಗಲಿ ಆಧಾರವಿಲ್ಲ ಎಂದು ತೋರಿಸಿದರು. ಅಂಥವರಿಗೆ ಎಚ್ಚರಿಕೆಯಿಂದ ಕೈಯಾರೆ ಉಣಿಸುವುದೇ ಮೇಲು ಎಂಬುದು ಅಮೆರಿಕದ ವೃದ್ಧರೋಗ ತಜ್ಞರ ಸಂಘದ ಇಂದಿನ ನಿಲುವು. ಸ್ಟ್ರೋಕ್ ಆದವರಲ್ಲೂ ಮೊದಲ ವಾರಗಳಿಗೆ ಮೂಗಿನ ನಳಿಕೆಯೇ ಸಾಕು, ಹೊಟ್ಟೆಯ ಕೊಳವೆಗೆ ಅವಸರ ಬೇಡ ಎಂದು 2005ರಲ್ಲಿ ಬಂದ ದೊಡ್ಡ ಬಹುರಾಷ್ಟ್ರೀಯ ಪ್ರಯೋಗ ತಿಳಿಸಿತು. ಅವಸರ ಬೇಡ ಎನ್ನಲು ನರವಿಜ್ಞಾನದಲ್ಲೂ ಕಾರಣವಿದೆ. ಮ್ಯಾಂಚೆಸ್ಟರಿನ ಷಹೀನ್ ಹಾಮ್ದಿ 1996ರಲ್ಲಿ ತೋರಿಸಿದಂತೆ, ಮಿದುಳಿನ ಎರಡೂ ಬದಿಗಳಲ್ಲಿ ನುಂಗುವ ಸ್ನಾಯುಗಳ ನೆಲೆಯಿದ್ದರೂ ಎರಡೂ ಸಮವಾಗಿರುವುದಿಲ್ಲ. ಸ್ಟ್ರೋಕ್ ಪ್ರಬಲವಾದ ಬದಿಯನ್ನು ಕೆಡಿಸಿದಾಗ, ಇನ್ನೊಂದು ಬದಿ ಕ್ರಮೇಣ ಆ ಭಾರ ಹೊರಲು ಕಲಿಯುತ್ತದೆ. ಬಾಯಿಂದ ಸ್ವಲ್ಪವಾದರೂ ನುಂಗುತ್ತಿರುವುದೇ ಆ ಕಲಿಕೆಗೆ ಅಭ್ಯಾಸ ಎಂದು ಚಿಕಿತ್ಸಕರು ನಂಬುವುದು ಈ ಕಾರಣಕ್ಕೆ.

ಕೈಯಾರೆ ಉಣಿಸುವುದನ್ನು ಮನೆಮಂದಿಯ ಮಮತೆಗೆ ಬಿಟ್ಟರೆ ಸಾಕು ಎಂದಲ್ಲ. ಅದಕ್ಕೂ ವಿದ್ಯೆ ಬೇಕು. ರೋಗಿಯನ್ನು ನೆಟ್ಟಗೆ ಕೂರಿಸಬೇಕು, ತುತ್ತು ಸಣ್ಣದಿರಬೇಕು, ಧ್ವನಿಪೆಟ್ಟಿಗೆ ಮೇಲೆದ್ದು ಇಳಿದದ್ದನ್ನು ಕಂಡ ಮೇಲೆ ಮುಂದಿನ ತುತ್ತು ಕೊಡಬೇಕು, ಮಾತಾಡಿಸಿದಾಗ ದನಿ ನೀರುನೀರಾಗಿ ಗೊರಗುಟ್ಟಿದರೆ ನಿಲ್ಲಿಸಬೇಕು, ಊಟವಾದ ಮೇಲೆ ಬಾಯಿ ತೊಳೆಸಿ ಇನ್ನೂ ಸ್ವಲ್ಪ ಹೊತ್ತು ಮಲಗಿಸದೆ ಇಡಬೇಕು. ಯಾವ ಆಹಾರ ಎಂಬುದಂತೂ ಅಡುಗೆಮನೆಯಿಂದ ಅಡುಗೆಮನೆಗೆ ಬದಲಾಗುತ್ತದೆ. ದ್ರವಕ್ಕೂ ಆಹಾರಕ್ಕೂ 0ಯಿಂದ 7ರವರೆಗೆ ಮೆಟ್ಟಿಲು ಕೊಟ್ಟ ಅಂತರರಾಷ್ಟ್ರೀಯ ಶ್ರೇಣಿ 2015ರಲ್ಲಿ ಸಿದ್ಧವಾಯಿತು. ಅದರ ಪರೀಕ್ಷೆಗಳು ಬಡ ಆಸ್ಪತ್ರೆಗೂ ಎಟುಕುವಂಥವು. 10 ಮಿಲಿಲೀಟರ್ ಸಿರಿಂಜಿಗೆ ಗಂಜಿ ತುಂಬಿ, 10 ಸೆಕೆಂಡಿನಲ್ಲಿ ಎಷ್ಟು ಉಳಿಯಿತು ಎಂದು ನೋಡಿದರೆ ಅದರ ಮಂದತೆ ತಿಳಿಯುತ್ತದೆ. ನುಣ್ಣಗೆ ಅರೆದ ಆಹಾರವನ್ನು ಚಮಚದಲ್ಲಿ ತೆಗೆದು ವಾಲಿಸಿದರೆ ಮುದ್ದೆಯಾಗಿ ಜಾರಿ ಬೀಳಬೇಕು, ಚಮಚಕ್ಕೆ ಅಂಟಿ ಉಳಿಯಬಾರದು. ಮಂಡ್ಯ, ಹಾಸನ, ಕೋಲಾರದ ಕಡೆಯ ರೋಗಿಗೆ ಇದನ್ನು ಅನ್ವಯಿಸುವಾಗ ಪುಸ್ತಕದಲ್ಲಿ ಇಲ್ಲದ ಪ್ರಶ್ನೆಗಳು ಏಳುತ್ತವೆ. ಸಾರನ್ನದಲ್ಲಿ ತೆಳುವಾದ ಸಾರು ಮುಂದೆ ಓಡುತ್ತದೆ, ಅಗುಳು ಹಿಂದೆ ಉಳಿಯುತ್ತದೆ. ಎರಡನ್ನೂ ಒಟ್ಟಿಗೆ ಸಂಭಾಳಿಸುವುದು ಸೋತ ಗಂಟಲಿಗೆ ಬಹಳ ಕಷ್ಟ. ನುಣ್ಣಗೆ ಹಿಸುಕಿದ ಮೊಸರನ್ನಕ್ಕೆ ಆ ದೋಷವಿಲ್ಲ. ರಾಗಿ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ: ಬೆರಳಲ್ಲಿ ಮುರಿದು, ಉಪ್ಸಾರಿನಲ್ಲೋ ಬಸ್ಸಾರಿನಲ್ಲೋ ಹೊರಳಿಸಿ ನುಂಗುತ್ತಾರೆ. ಹಲ್ಲಿಲ್ಲದವರಿಗೆ ಅದು ಅನುಕೂಲ. ನಾಲಿಗೆಯ ಬುಡದ ಬಲ ಕುಂದಿದವರಿಗೆ ಅದೇ ತುತ್ತನ್ನು ಹಿಂದಕ್ಕೆ ತಳ್ಳುವುದು ದುಸ್ತರ, ಅಂಟಿಕೊಂಡರೆ ತೊಳೆದುಹೋಗುವುದೂ ಇಲ್ಲ. ಮುದ್ದೆಯ ಹದವನ್ನು ಎಷ್ಟು ಸಡಿಲಿಸಿದರೆ, ತುತ್ತನ್ನು ಎಷ್ಟು ಕಿರಿದಾಗಿಸಿದರೆ ಯಾವ ರೋಗಿಗೆ ಒಗ್ಗುತ್ತದೆ ಎಂಬುದನ್ನು ಬೇರಿಯಂ ಬೆರೆಸಿದ ಬಿಸ್ಕತ್ತಿನಿಂದ ಊಹಿಸಲಾಗದು. ರಾಗಿ ಹಿಟ್ಟಿಗೇ ಬೇರಿಯಂ ಬೆರೆಸಿ ಮುದ್ದೆ ಕಟ್ಟಿ, ಅದನ್ನು ದಿನವೂ ಉಣ್ಣುವವರ ಗಂಟಲಿನಲ್ಲೇ ನೋಡಬೇಕಾದ ಕೆಲಸ ಅದು. ನೋಡುವಾಗ ಆ ಮುದ್ದೆಯನ್ನು ಮನೆಯಲ್ಲಿ ತೊಳಸುವವರೂ ಪರದೆಯ ಮುಂದೆ ನಿಂತಿರಬೇಕು.